ಅರೆಝ್ಝೊದ ತಟ್ಟೆ, ಬ್ರಹ್ಮಗಿರಿಯ ಕಾಲ

ಇಟಲಿಯ ಅರೆಝ್ಝೊ ಊರಿನ ಆವಿಗೆಗಳಲ್ಲಿ ಕ್ರಿಸ್ತಪೂರ್ವ ಒಂದನೆಯ ಶತಮಾನದ ಉತ್ತರಾರ್ಧದಿಂದ ಒಂದು ಬಗೆಯ ಕೆಂಪು ಪಾತ್ರೆಗಳು ತಯಾರಾಗತೊಡಗಿದವು. ನುಣುಪಾದ ಮೈ, ಹವಳದಂಥ ಬಣ್ಣ, ಒಂದರ ಮೇಲೊಂದು ಪೇರಿಸಿಟ್ಟರೆ ಅಂಚಿಗೆ ಅಂಚು ಕೂಡುವ ಅಳತೆ. ಚಿತ್ತಾರದ ಬಟ್ಟಲುಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆಯುತ್ತಿದ್ದರು. ಸಾದಾ ತಟ್ಟೆಯ ನಟ್ಟನಡುವೆ ಕಾರ್ಖಾನೆಯ ಒಡೆಯನದೋ ಅಲ್ಲಿ ದುಡಿಯುವ ಗುಲಾಮನದೋ ಹೆಸರಿನ ಮುದ್ರೆ ಬೀಳುತ್ತಿತ್ತು. ಮುಂದೆ ಇದೇ ಕಸುಬು ಇಂದಿನ ಫ್ರಾನ್ಸಿನ ದಕ್ಷಿಣಕ್ಕೂ ಹಬ್ಬಿತು. ಅಲ್ಲಿನ ಲಾ ಗ್ರೋಫಸಾಂಕ್ ಎಂಬಲ್ಲಿ ಕುಂಬಾರರು ಒಡೆದ ತಟ್ಟೆಗಳ ಮೇಲೆ ಗೀಚಿಟ್ಟ ಲೆಕ್ಕಗಳು ಸಿಕ್ಕಿವೆ. ಒಂದೇ ಆವಿಗೆಗೆ ಸುಮಾರು 30,000 ಪಾತ್ರೆಗಳನ್ನು ತುಂಬುತ್ತಿದ್ದರೆಂದು ಅವು ಹೇಳುತ್ತವೆ. ಕೈಕಸುಬು ಅಲ್ಲಿಗೆ ಉದ್ಯಮವಾಗಿತ್ತು.

ಇಂಥ ಪಾತ್ರೆಗಳ ಚೂರುಗಳಿಗೆ ಪುರಾತತ್ತ್ವಜ್ಞರು ಚಿನ್ನದ ಬೆಲೆ ಕಟ್ಟುವುದು ಸುಮ್ಮನೆ ಅಲ್ಲ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಪಾಂಪೆ ಹೂತುಹೋದಾಗ ಅಲ್ಲಿನ ಒಂದು ಮನೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಯೊಂದಿತ್ತು. ಅದರಲ್ಲಿ ದಕ್ಷಿಣ ಫ್ರಾನ್ಸಿನ 90 ಬಟ್ಟಲುಗಳೂ 37 ದೀಪಗಳೂ ಇದ್ದವು. ಜರ್ಮನಿಯ ಹಾಲ್ಟರ್ನ್‌ನಲ್ಲಿದ್ದ ರೋಮನ್ ಸೇನಾ ಠಾಣ್ಯ, ಜರ್ಮನ್ ಬುಡಕಟ್ಟುಗಳ ಕೈಯಲ್ಲಿ ರೋಮನ್ನರು ಕಂಡ ಕ್ರಿ.ಶ. 9ರ ಸೋಲಿನ ನಂತರ ಬರಿದಾಯಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಲ್ಲಿ ಉಳಿದ ತಟ್ಟೆಗಳೆಲ್ಲ ಆ ಗಡುವಿಗೆ ಮುಂಚಿನವು. ಲಿಖಿತ ಚರಿತ್ರೆಯ ಇಂಥ ಮೊಳೆಗಳಿಗೆ ತೂಗುಹಾಕಿದ್ದರಿಂದಲೇ ಈ ತಟ್ಟೆಯ ಅಂಚಿನ ತಿರುವು, ಮುದ್ರೆಯ ಅಕ್ಷರ ನೋಡಿ ಇಪ್ಪತ್ತು ಮೂವತ್ತು ವರ್ಷಗಳ ಒಳಗೆ ಕಾಲ ಹೇಳಲು ಸಾಧ್ಯವಾಯಿತು. ಮಣ್ಣಿನಲ್ಲಿ ಸಿಗುವ ಬೇರೆ ಯಾವ ಸಾಮಾನ್ಯ ವಸ್ತುವೂ ಇಷ್ಟು ಕರಾರುವಾಕ್ಕಾಗಿ ಮಾತಾಡುವುದಿಲ್ಲ. ನಾಣ್ಯವೂ ಇಲ್ಲ, ಅದು ಒಂದು ಕೈಯಿಂದ ಇನ್ನೊಂದಕ್ಕೆ ನೂರಾರು ವರ್ಷ ಓಡಾಡಬಲ್ಲದು. ಊಟದ ತಟ್ಟೆ ಬೇಗ ಒಡೆಯುತ್ತದೆ.

ಅದೇ ತಟ್ಟೆಯ ಚೂರುಗಳು ಪಾಂಡಿಚೇರಿಯ ಪಕ್ಕದ ಅರಿಕಮೇಡಿನಲ್ಲಿ ಸಿಕ್ಕವು. ಅಲ್ಲಿಂದ ಮುಂದೆ ಅವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಾಲವನ್ನೂ, ಬ್ರಹ್ಮಗಿರಿಯ ಮೂಲಕ ಇಡೀ ದಕ್ಷಿಣದ ಪ್ರಾಚೀನತೆಯನ್ನೂ ನಿರ್ಧರಿಸುವ ಮಟ್ಟಿಗೆ ಬೆಳೆದವು. ಆ ನಿರ್ಧಾರ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಕನ್ನಡಿಗರಾದ ನಾವು ನಿಧಾನವಾಗಿ ಕೂತು ತೂಗಿ ನೋಡಬೇಕು. ಬ್ರಿಟಿಷ್ ಪುರಾತತ್ತ್ವಜ್ಞ ವ್ಹೀಲರ್ ಬರುವ ಮುನ್ನ ನಮ್ಮ ಮಣ್ಣಿಗೆ ಕಾಲವೇ ಗೊತ್ತಿರಲಿಲ್ಲ ಎನ್ನುವವರಿದ್ದಾರೆ. ವ್ಹೀಲರ್ ನಮ್ಮ ಚರಿತ್ರೆಯನ್ನು ರೋಮಿನ ಬಾಲಕ್ಕೆ ಕಟ್ಟಿದರು ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ.

ಮಾರ್ಟಿಮರ್ ವ್ಹೀಲರ್ 1944ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದಾಗ ದಕ್ಷಿಣದ ಸ್ಥಿತಿ ಹೀಗಿತ್ತು: ಕಲ್ಲುಚಪ್ಪಡಿಗಳ ಸಮಾಧಿಗಳು ಸಾವಿರಾರು ಕಡೆ ಇದ್ದವು. ನಮ್ಮ ಜನ ಅವನ್ನು ಮೋರ್ಯರ ಮನೆ, ಪಾಂಡವರ ಗುಡಿ ಎಂದೆಲ್ಲ ಕರೆಯುತ್ತಿದ್ದರು. ನಯಗೊಳಿಸಿದ ಕಲ್ಲುಕೊಡಲಿಗಳು ಹೊಲ ಉಳುವಾಗ ಸಿಗುತ್ತಿದ್ದವು. ಕಪ್ಪು-ಕೆಂಪು ಮಡಕೆಗಳ ಬೋಕಿ ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ವರ್ಷ ಹಿಂದೆ ಎಂಬುದಕ್ಕೆ ಗಟ್ಟಿ ಆಧಾರ ಇರಲಿಲ್ಲ. ಇಂಗಾಲದ ವಿಕಿರಣದಿಂದ ಕಾಲ ಅಳೆಯುವ ವಿಧಾನ ಇನ್ನೂ ಹುಟ್ಟಿರಲಿಲ್ಲ. ಅದನ್ನು ರೂಪಿಸಿದ ಲಿಬ್ಬಿಯ ಮೊದಲ ಫಲಿತಾಂಶಗಳು ಬಂದದ್ದು 1949ರಲ್ಲಿ. ಇಂಥ ಹೊತ್ತಿನಲ್ಲಿ ಮದರಾಸಿನ ವಸ್ತುಸಂಗ್ರಹಾಲಯದಲ್ಲಿ ವ್ಹೀಲರ್ ಕಣ್ಣಿಗೆ ಮೆಡಿಟರೇನಿಯನ್ ಮದ್ಯದ ಜಾಡಿಯೊಂದರ ತುಂಡು ಬಿತ್ತು. ಅದರ ಜಾಡು ಹಿಡಿದು ಆಗ ಫ್ರೆಂಚರ ವಶದಲ್ಲಿದ್ದ ಪಾಂಡಿಚೇರಿಗೆ ಹೋದರೆ, ಅಲ್ಲಿ ಅರೆಝ್ಝೊದ ಕೆಂಪು ತಟ್ಟೆಯ ಚೂರುಗಳೇ ಕಂಡವು. ಬ್ರಿಟನ್ನಿನ ರೋಮನ್ ನೆಲೆಗಳನ್ನು ಅಗೆದು ಪಳಗಿದ ಕಣ್ಣಿಗೆ ಗುರುತು ಸಿಗಲು ತಡವಾಗಲಿಲ್ಲ. 1945ರಲ್ಲಿ ಅಗೆತ, 1946ರಲ್ಲಿ ‘ಏನ್ಷಿಯಂಟ್ ಇಂಡಿಯಾ’ದಲ್ಲಿ ವರದಿ. ಅರಿಕಮೇಡನ್ನು ಅವರು ಇಂಡೋ-ರೋಮನ್ ವ್ಯಾಪಾರ ಠಾಣ್ಯವೆಂದು ಕರೆದರು. ಕೆಂಪು ತಟ್ಟೆಗಳ ಕಾಲವನ್ನು ಕ್ರಿ.ಶ. ಒಂದನೆಯ ಶತಮಾನದ ಮೊದಲರ್ಧಕ್ಕೆ ನಿಲ್ಲಿಸಿದರು.

ಇಲ್ಲಿಯವರೆಗಿನ ತರ್ಕದಲ್ಲಿ ನನಗೆ ದೊಡ್ಡ ದೋಷ ಕಾಣುವುದಿಲ್ಲ. ಒಂದು ಪದರದಲ್ಲಿ ಅರೆಝ್ಝೊದ ತಟ್ಟೆ ಸಿಕ್ಕಿದರೆ ಆ ಪದರ ತಟ್ಟೆ ತಯಾರಾದ ಕಾಲಕ್ಕಿಂತ ಹಿಂದಿನದಾಗಿರಲಾರದು. ಎಷ್ಟು ಈಚಿನದು ಎಂಬುದಕ್ಕೆ ಅಂದಾಜು ಬೇಕು: ಹಡಗಿನಲ್ಲಿ ಬಂದ ತಟ್ಟೆಯನ್ನು ಯಾರೋ ಜತನವಾಗಿ ಮಗಳಿಗೆ, ಮೊಮ್ಮಗಳಿಗೆ ದಾಟಿಸಿರಬಹುದು. ಆದರೆ ಚೂರುಗಳು ಒಂದಕ್ಕಿಂತ ಹೆಚ್ಚಿದ್ದಾಗ, ಜೊತೆಗೆ ಅದೇ ಕಾಲದ ಜಾಡಿಗಳೂ ಇದ್ದಾಗ ಆ ಅನುಮಾನ ತೆಳುವಾಗುತ್ತದೆ.

ತೊಡಕು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಅರೆಝ್ಝೊದ ತಟ್ಟೆ ಅರಿಕಮೇಡಿನಿಂದ ಒಳನಾಡಿಗೆ ಬರಲಿಲ್ಲ. ಬ್ರಹ್ಮಗಿರಿಯಲ್ಲಿ ಅದರ ಒಂದು ತುಣುಕೂ ಇಲ್ಲ. ಆದರೆ ಅರಿಕಮೇಡಿನಲ್ಲಿ ಅದರ ಜೊತೆಗೆ ಇನ್ನೊಂದು ಬಗೆಯ ಪಾತ್ರೆ ಹೇರಳವಾಗಿತ್ತು: ತೆಳ್ಳಗಿನ, ಬೂದುಗಪ್ಪು ಬಣ್ಣದ, ಒಳಕ್ಕೆ ಬಾಗಿದ ಅಂಚಿನ ಅಗಲ ತಟ್ಟೆ. ಒಳತಳದಲ್ಲಿ ವೃತ್ತವೃತ್ತವಾಗಿ ಸಣ್ಣ ಕಚ್ಚುಗಳ ಸಾಲು. ಪುರಾತತ್ತ್ವದ ಭಾಷೆಯಲ್ಲಿ ಇದು ರೂಲೆಟೆಡ್ ಪಾತ್ರೆ. ಕಚ್ಚು ಹಾಕುವ ಈ ಕೌಶಲ ಮೆಡಿಟರೇನಿಯನ್ ಕಡೆಯಿಂದ ಬಂದದ್ದೆಂದು ವ್ಹೀಲರ್ ನಂಬಿದರು. ಹಾಗಿದ್ದಮೇಲೆ ಅದರ ಕಾಲವೂ ರೋಮನ್ ವ್ಯಾಪಾರದ ಕಾಲವೇ. 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು ಅಗೆದಾಗ ಮೇಲಿನ ಪದರಗಳಲ್ಲಿ ಈ ರೂಲೆಟೆಡ್ ಪಾತ್ರೆ ಸಿಕ್ಕಿತು. ಅವರು ಹುಡುಕುತ್ತಿದ್ದ ಕೊಂಡಿ ಅದೇ. ಅದರ ಪದರವನ್ನು ಕ್ರಿ.ಶ. ಒಂದನೆಯ ಶತಮಾನಕ್ಕೆ ಕಟ್ಟಿ, ಅಲ್ಲಿಂದ ಕೆಳಕ್ಕೆ ಪದರದ ದಪ್ಪ ನೋಡುತ್ತ ಇಳಿದರು. ಬೃಹತ್ ಶಿಲಾ ಸಂಸ್ಕೃತಿ ಕ್ರಿ.ಪೂ. 200ರಿಂದ ಕ್ರಿ.ಶ. ಒಂದನೆಯ ಶತಮಾನದ ನಡುಭಾಗದವರೆಗೆ. ಕಲ್ಲುಕೊಡಲಿ ಸಂಸ್ಕೃತಿ ಕ್ರಿ.ಪೂ. ಒಂದನೆಯ ಸಹಸ್ರಮಾನದ ಆದಿಯಿಂದ ಕ್ರಿ.ಪೂ. ಎರಡನೆಯ ಶತಮಾನದ ಆರಂಭದವರೆಗೆ.

ಈ ಲೆಕ್ಕವನ್ನು ಒಪ್ಪಿದರೆ ಏನಾಗುತ್ತದೆ ನೋಡಿ. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಬಿ. ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ, ಬ್ರಹ್ಮಗಿರಿಯ ಆಸುಪಾಸಿನದೇ ಎನ್ನಲಾದ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಅಂದರೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಇಸಿಲದಲ್ಲಿ ಅಧಿಕಾರಿಗಳಿದ್ದರು, ಬರವಣಿಗೆ ಇತ್ತು, ರಾಜಧಾನಿಯ ಆಜ್ಞೆ ತಲುಪುವ ದಾರಿ ಇತ್ತು. ವ್ಹೀಲರ್ ಕೊಟ್ಟ ಕಾಲಮಾನದ ಪ್ರಕಾರ ಆ ಹೊತ್ತಿನಲ್ಲಿ ಪಕ್ಕದ ದಿಬ್ಬದ ಜನ ಇನ್ನೂ ಕಲ್ಲುಕೊಡಲಿ ಹಿಡಿದಿದ್ದರು. ಅಸಾಧ್ಯವೆಂದು ಯಾರೂ ಹೇಳಲಾರರು. ಆದರೆ ಪರದೇಶದ ತಟ್ಟೆಯ ಸಾಕ್ಷ್ಯಕ್ಕೆ ಕೊಟ್ಟ ತೂಕವನ್ನು ಊರಿನ ಬಂಡೆಯ ಸಾಕ್ಷ್ಯಕ್ಕೆ ಕೊಡಲಿಲ್ಲವಲ್ಲ ಎಂದು ನನಗೆ ನೋವಾಗುತ್ತದೆ.

ಮುಂದಿನ ದಶಕಗಳಲ್ಲಿ ಆ ಕಾಲಮಾನ ಕುಸಿಯಿತು. 1957ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಉಟ್ನೂರಿನ ಬೂದಿದಿಬ್ಬ ಅಗೆದಾಗ ಸಿಕ್ಕ ಇದ್ದಿಲು ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಎಂ. ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರನ್ನು 1965ರಲ್ಲಿ ಅಗೆದಾಗ ಕಬ್ಬಿಣದ ಪದರ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ವ್ಹೀಲರ್ ಎರಡೂವರೆ ಶತಮಾನಕ್ಕೆ ಅದುಮಿಟ್ಟಿದ್ದ ಬೃಹತ್ ಶಿಲಾ ಸಂಸ್ಕೃತಿ ಸಾವಿರ ವರ್ಷಗಳ ಉದ್ದಕ್ಕೆ ಚಾಚಿಕೊಂಡಿತು.

ಕೊಂಡಿಯೂ ಸಡಿಲಾಯಿತು. ವಿಮಲಾ ಬೆಗ್ಲಿ ಅರಿಕಮೇಡಿನ ವರದಿಯನ್ನು 1983ರಲ್ಲಿ ಮರುಪರಿಶೀಲಿಸಿದರು. ನಂತರ 1989ರಿಂದ 1992ರವರೆಗೆ ಅಲ್ಲಿಯೇ ಅಗೆದರು. ರೂಲೆಟೆಡ್ ಪಾತ್ರೆ ರೋಮನ್ ತಟ್ಟೆಗಳಿಗಿಂತ ಮೊದಲೇ ಬಳಕೆಗೆ ಬಂದಿತ್ತೆಂದು ಅವರ ವಾದ. ಶ್ರೀಲಂಕಾದ ಅನುರಾಧಪುರದ ಪದರಗಳೂ ಅದನ್ನೇ ಹೇಳಿದವು. ವಿಶ್ವಾಸ್ ಗೋಗ್ಟೆ 1997ರಲ್ಲಿ ಮಣ್ಣಿನ ಖನಿಜಗಳನ್ನು ಪರೀಕ್ಷಿಸಿ, ಇದರ ಮೂಲ ಬಂಗಾಳದ ಚಂದ್ರಕೇತುಗಢ-ತಾಮ್ಲುಕ್ ಸೀಮೆ ಎಂದರು. 2005ರಲ್ಲಿ ಪ್ರಕಟವಾದ ಇನ್ನೊಂದು ರಾಸಾಯನಿಕ ಅಧ್ಯಯನ ರೂಲೆಟೆಡ್ ಪಾತ್ರೆಯೂ ಅದರ ಒಡನಾಡಿ ನಯಪಾತ್ರೆಗಳೂ ಒಂದೇ ಬಗೆಯ ನೆಲದ ಮಣ್ಣಿನವೆಂದು ತೋರಿಸಿತು. ಆ ನೆಲ ಯಾವುದೆಂಬ ಚರ್ಚೆ ಮುಗಿದಿಲ್ಲ, ಆದರೆ ರೋಮಿನದಲ್ಲ ಎಂಬುದರಲ್ಲಿ ಈಗ ತಕರಾರಿಲ್ಲ. ಇದೇ ತಟ್ಟೆ ಬಾಲಿ ದ್ವೀಪದ ಸೆಂಬಿರಾನ್‌ನಲ್ಲೂ ಸಿಕ್ಕಿದೆ. ಹಾಗಾದರೆ ಕಾರ್ಖಾನೆಯ ಹದದಲ್ಲಿ ತಯಾರಾಗಿ ದೂರದೂರದ ಸಂತೆಗಳಿಗೆ ಹೋಗುತ್ತಿದ್ದ ಪಾತ್ರೆ ನಮ್ಮ ಉಪಖಂಡದಲ್ಲೂ ಇತ್ತು! ಅದನ್ನು ರೋಮಿನ ನೆರಳೆಂದು ಬಗೆದದ್ದು ಇಡೀ ಕಥೆಯ ದೊಡ್ಡ ಎಡವು.

ಇಷ್ಟಾದಮೇಲೆ ವ್ಹೀಲರ್‌ರನ್ನು ತಳ್ಳಿಹಾಕುವುದು ಸುಲಭ. ನಾನು ತಳ್ಳಿಹಾಕಲಾರೆ. ಬ್ರಹ್ಮಗಿರಿಯಲ್ಲಿ ಅವರು ನಿಲ್ಲಿಸಿದ ಅನುಕ್ರಮ, ಅಂದರೆ ಮೊದಲು ಕಲ್ಲುಕೊಡಲಿ, ಅದರ ಮೇಲೆ ಕಬ್ಬಿಣ ಮತ್ತು ಕಲ್ಲುಸಮಾಧಿ, ಅದರ ಮೇಲೆ ಶಾತವಾಹನರ ಕಾಲದ ಊರು ಎಂಬುದು ಇಂದಿಗೂ ಅಲುಗಿಲ್ಲ. ಅಲುಗಿದ್ದು ವರ್ಷಗಳು. ಮೇಲಿನ ತುದಿಯಂತೂ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು: ಎಂ. ಎಚ್. ಕೃಷ್ಣ 1929ರಿಂದಲೇ ಅಗೆದಿದ್ದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿ ತಿಬೇರಿಯಸ್ಸನ ಬೆಳ್ಳಿನಾಣ್ಯವೂ ಸಿಕ್ಕಿದ್ದು ಅದಕ್ಕೆ ಬೆಂಬಲ. ಅವರು ಊಹೆಯನ್ನು ಊಹೆಯ ಮೆಟ್ಟಿಲುಗಳ ಸಮೇತ ಬರೆದಿಟ್ಟರು. ಯಾವ ಮೆಟ್ಟಿಲು ಟೊಳ್ಳು ಎಂದು ಮುಂದಿನವರು ಬಡಿದು ನೋಡಲು ಸಾಧ್ಯವಾದದ್ದು ಅದರಿಂದ. ಇಂಗಾಲದ ಅಳತೆಯೂ ಎಲ್ಲ ಕಾಲಕ್ಕೂ ಸಮನಾಗಿ ಒದಗುವುದಿಲ್ಲ. ಕ್ರಿ.ಪೂ. 800ರಿಂದ 400ರವರೆಗಿನ ಅವಧಿಯಲ್ಲಿ ಅದರ ರೇಖೆ ಬಹುಮಟ್ಟಿಗೆ ಚಪ್ಪಟೆ. ಯಾವ ಶತಮಾನದ ಇದ್ದಿಲಾದರೂ ಒಂದೇ ತೆರನ ಉತ್ತರ ಬರುತ್ತದೆ. ನಮ್ಮ ಕಲ್ಲುಸಮಾಧಿಗಳಲ್ಲಿ ಬಹುಪಾಲು ಬೀಳುವುದೇ ಅಲ್ಲಿ. ಆ ಕಾಲದ, ಗಡುವು ಗೊತ್ತಿರುವ ಪರದೇಶದ ಪಾತ್ರೆಯೊಂದು ಅಲ್ಲಿ ಸಿಕ್ಕಿದ್ದರೆ ಇಂದಿನ ಸಂಶೋಧಕರೂ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಹೀಗಾಗಿ ಕಾಲದ ವಿಷಯದಲ್ಲಿ ನನ್ನ ನಿಲುವು ಇದು: ಆಮದು ಪಾತ್ರೆ ತಾನು ಬಿದ್ದ ಪದರಕ್ಕೆ ಒಳ್ಳೆಯ ಸಾಕ್ಷಿ. ತನ್ನ ಪಕ್ಕದಲ್ಲಿದ್ದ ಇನ್ನೊಂದು ಪಾತ್ರೆಗೆ, ಆ ಪಾತ್ರೆ ಹೋದ ಇನ್ನೊಂದು ಊರಿಗೆ, ಆ ಊರಿನ ಕೆಳಗಿನ ಪದರಕ್ಕೆ ಅದರ ಸಾಕ್ಷ್ಯವನ್ನು ಸಾಲವಾಗಿ ಕೊಡುತ್ತ ಹೋದರೆ ಪ್ರತಿ ಕೈ ಬದಲಾದಾಗಲೂ ಬೆಲೆ ಇಳಿಯುತ್ತದೆ. ಅರೆಝ್ಝೊದಿಂದ ಬ್ರಹ್ಮಗಿರಿಯ ಕಲ್ಲುಕೊಡಲಿಗೆ ನಾಲ್ಕು ಕೈ ಬದಲಾಗಿತ್ತು.

ಎರಡನೆಯ ಪ್ರಶ್ನೆ ಇನ್ನೂ ಜಟಿಲ: ಪರದೇಶದ ಪಾತ್ರೆ ಇದ್ದಲ್ಲಿ ಪರದೇಶದ ಜನ ಇದ್ದರೆ? ಅರಿಕಮೇಡಿನ ಜಾಡಿಗಳನ್ನು ಎಲಿಜಬೆತ್ ಲೈಡಿಂಗ್ ವಿಲ್ ವಿವರವಾಗಿ ಅಭ್ಯಾಸ ಮಾಡಿದರು. ಗ್ರೀಕ್ ದ್ವೀಪಗಳ ಮದ್ಯದ ಜಾಡಿಗಳ ಜೊತೆಗೆ ಎಣ್ಣೆಯ, ಮೀನಿನ ರಸದ ಜಾಡಿಗಳನ್ನೂ ಗುರುತಿಸಿದರು. ಮದ್ಯವನ್ನು ತಮಿಳು ಅರಸರು ಕೊಳ್ಳುತ್ತಿದ್ದರು. ಯವನರು ತಂದ ಮದ್ಯದ ಪ್ರಸ್ತಾಪ ಸಂಗಂ ಕಾವ್ಯ ಪುರನಾನೂರಿನಲ್ಲೇ ಇದೆ. ಆದರೆ ಮೀನಿನ ರಸವನ್ನು ಇಲ್ಲಿ ಯಾರು ತಿಂದಾರು? ತಮ್ಮೂರಿನ ರುಚಿ ಬಿಡಲಾರದ ಪಶ್ಚಿಮದವರು ಅಲ್ಲಿ ನೆಲೆಸಿದ್ದರೆಂಬುದಕ್ಕೆ ಇದು ಸೂಚನೆ ಎಂಬುದು ಒಂದು ಪಕ್ಷ. ವ್ಹೀಲರ್‌ರ ‘ಠಾಣ್ಯ’ದ ಕಲ್ಪನೆಗೆ ಅಲ್ಲಿ ಬಲ ಬಂತು.

ಇನ್ನೊಂದು ಪಕ್ಷದ ಮಾತೂ ಗಟ್ಟಿಯಾಗಿದೆ. ಅರೆಝ್ಝೊದ ಚೂರುಗಳು ಕೆಲವು ಹತ್ತುಗಳ ಲೆಕ್ಕದಲ್ಲಷ್ಟೇ ಸಿಕ್ಕಿವೆ; ಸುತ್ತಲಿನ ಸ್ಥಳೀಯ ಮಡಕೆಗಳ ರಾಶಿಯಲ್ಲಿ ಅವು ಮುಳುಗಿಹೋಗುತ್ತವೆ. ಅರಿಕಮೇಡು ಮಣಿ ಮಾಡುವವರ ಊರು. ಗಾಜಿನ ಸಣ್ಣ ಮಣಿಗಳು, ಕಲ್ಲಿನ ಮಣಿಗಳು ಅಲ್ಲಿಂದ ಹಿಂದೂ ಮಹಾಸಾಗರದ ಉದ್ದಗಲಕ್ಕೂ ಹೋದವು. ರೋಮನ್ನರು ಬರುವ ಮೊದಲೂ ಅಲ್ಲಿ ಜನವಿದ್ದರು, ಹೋದ ಮೇಲೂ ಇದ್ದರು. ಅಂಥ ಊರಿಗೆ ನೂರು ವರ್ಷದ ಅತಿಥಿಗಳ ಹೆಸರಿಟ್ಟು ಕರೆಯುವುದು ನ್ಯಾಯವೇ? ಕೆಲವು ತಟ್ಟೆಗಳು ಕೈಬದಲಾವಣೆಯ ಉಡುಗೊರೆಗಳಾಗಿರಬಹುದು, ನಾವಿಕರ ಸ್ವಂತ ಸಾಮಾನಾಗಿರಬಹುದು, ಊರಿನ ಶ್ರೀಮಂತನ ಷೋಕಿಯಾಗಿರಬಹುದು.

ಪರದೇಶದ ಜಾಡಿ ಎಂದದ್ದೆಲ್ಲ ರೋಮಿನದೇ ಎಂಬ ಆತುರವೂ ಇತ್ತು. ರೋಬರ್ಟಾ ಟೋಂಬರ್ 2007ರಲ್ಲಿ ತೋರಿಸಿದಂತೆ, ಭಾರತದ ಪಶ್ಚಿಮದ ಅನೇಕ ನೆಲೆಗಳಲ್ಲಿ ರೋಮನ್ ಎಂದು ದಾಖಲಾಗಿದ್ದ ಚೂರುಗಳು ಮೆಸೊಪೊಟೇಮಿಯಾ ಕಡೆಯ, ಒಳಗೆ ಡಾಂಬರು ಬಳಿದ ಉದ್ದ ಜಾಡಿಗಳವು. ಅವುಗಳಲ್ಲಿ ಬಹಳಷ್ಟು ಸಸಾನಿಯನ್ನರ, ಆದಿ ಇಸ್ಲಾಂ ಕಾಲದವು. ರೋಮ್ ಮರೆಯಾದ ಮೇಲೂ ನಡೆದ ಶತಮಾನಗಳ ವ್ಯಾಪಾರ ಹೀಗೆ ರೋಮಿನ ಖಾತೆಗೆ ಜಮೆಯಾಗಿತ್ತು.

ಕಡಲಿನ ಆಚೆ ದಡದಿಂದ ಬಂದ ಸಾಕ್ಷ್ಯವನ್ನು ಎದುರಿಗಿಟ್ಟು ನೋಡಿದಾಗ ನನಗೆ ಈ ವಾದ ಹೆಚ್ಚು ತಿಳಿಯಾಗುತ್ತದೆ. ಈಜಿಪ್ತಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ, ಸೆರಾಪಿಸ್ ದೇವಾಲಯದ ಬಳಿ, ಭಾರತದ ದೊಡ್ಡ ಜಾಡಿಯೊಳಗೆ ಏಳೂವರೆ ಕಿಲೊದಷ್ಟು ಕರಿಮೆಣಸು ಹಾಗೆಯೇ ಉಳಿದಿತ್ತು. ಅದರ ಜೊತೆಗೆ ಭಾರತದ ಅಡುಗೆ ಮಡಕೆಗಳೂ ಅಲ್ಲಿ ಸಿಕ್ಕಿವೆ. ಅದೇ ತೀರದ ಇನ್ನೊಂದು ಬಂದರು ಕುಸೈರ್ ಅಲ್-ಕದೀಮಿನಲ್ಲಿ ತಮಿಳು-ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಬೋಕಿಗಳಿವೆ. ಅಡುಗೆ ಮಡಕೆಗೆ ಮಾರುಕಟ್ಟೆಯ ಬೆಲೆಯಿಲ್ಲ. ಮಸಿ ಹಿಡಿದ ಮಡಕೆಯನ್ನು ಉಡುಗೊರೆ ಕೊಡುವವರಿಲ್ಲ. ಅದು ಹಡಗಿನಲ್ಲಿ ಹೋಗಿದ್ದರೆ ಅನ್ನ ಬೇಯಿಸಿಕೊಳ್ಳುವವರ ಜೊತೆಗೇ ಹೋಗಿರಬೇಕು. ಈ ಅಳತೆಗೋಲು ಹಿಡಿದರೆ ಬೆರೆನಿಕೆಯಲ್ಲಿ ಭಾರತೀಯರು ಇದ್ದರೆಂಬ ಮಾತು, ಅರಿಕಮೇಡಿನಲ್ಲಿ ರೋಮನ್ನರು ನೆಲೆಸಿದ್ದರೆಂಬ ಮಾತಿಗಿಂತ ಬಲವಾಗಿದೆ. ಅರೆಝ್ಝೊದ ತಟ್ಟೆ ಎಲ್ಲರಿಗೂ ಬೇಕಾಗುವಂಥದ್ದು. ಅದಕ್ಕೇ ಅದು ಯಾರ ಗುರುತೂ ಅಲ್ಲ. ಮೀನಿನ ರಸದ ಜಾಡಿ ಎರಡರ ನಡುವೆ ಎಲ್ಲೋ ಇದೆ. ಅದರಲ್ಲಿ ಮೊದಲು ಏನಿತ್ತು, ಇಲ್ಲಿಗೆ ಬರುವಾಗ ಏನಿತ್ತು ಎಂಬುದು ಬೇರೆ ಬೇರೆ ಆಗಿರಲು ಸಾಧ್ಯ. ಗಟ್ಟಿ ಜಾಡಿಯನ್ನು ಯಾರೂ ಒಂದೇ ಸಲ ಬಳಸಿ ಬಿಸಾಡುವುದಿಲ್ಲ.

ಬರಹದ ಆಕರಗಳೂ ಮಡಕೆಯನ್ನು ಅದರ ಜಾಗದಲ್ಲಿ ಇಡುತ್ತವೆ. ಒಂದನೆಯ ಶತಮಾನದ ಗ್ರೀಕ್ ಕಡಲಕೈಪಿಡಿ ‘ಪೆರಿಪ್ಲಸ್’ ಕೇರಳ ಕರಾವಳಿಯ ಮುಚಿರಿ ಬಂದರಿಗೆ ಬರುವ ಸರಕುಗಳ ಪಟ್ಟಿ ಕೊಡುತ್ತದೆ: ಮುಖ್ಯವಾಗಿ ನಾಣ್ಯ, ಹವಳ, ಕಚ್ಚಾ ಗಾಜು, ತಾಮ್ರ, ತವರ, ಸೀಸ, ಸ್ವಲ್ಪ ಮದ್ಯ, ಹಡಗಿನವರ ಊಟಕ್ಕೆ ಧಾನ್ಯ. ಊಟದ ತಟ್ಟೆಗೆ ಅಲ್ಲಿ ಸ್ಥಾನವಿಲ್ಲ. ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಪಪೈರಸ್ ಪತ್ರದಲ್ಲಿ ಮುಚಿರಿಯಿಂದ ಹೊರಟ ‘ಹರ್ಮಪೊಲ್ಲೊನ್’ ಹಡಗಿನ ಸರಕಿನ ಲೆಕ್ಕವಿದೆ. ದಂತ, ಜಟಾಮಾಂಸಿಯಂಥ ದುಬಾರಿ ವಸ್ತುಗಳ ಮೌಲ್ಯ ಅಲ್ಲಿ ಕಣ್ಣು ಕುಕ್ಕುತ್ತದೆ. ಈ ವ್ಯಾಪಾರದ ತಿರುಳೆಲ್ಲ ಕೊಳೆತು, ಕರಗಿ, ತಿಂದು ಮುಗಿದುಹೋಯಿತು. ಅಂಚಿನಲ್ಲಿದ್ದ ತಟ್ಟೆ ಮಾತ್ರ ಉಳಿಯಿತು. ಉಳಿದದ್ದನ್ನೇ ಮುಖ್ಯವೆಂದು ತಿಳಿಯುವ ಅಪಾಯ ಅಲ್ಲಿದೆ, ನಿಜ. ಆದರೆ ಆ ಅಂಚಿನ ತಟ್ಟೆಯೂ ಇಲ್ಲದಿದ್ದರೆ ಅರಿಕಮೇಡಿನ ಹೆಸರನ್ನು ಕಡಲ ವ್ಯಾಪಾರದ ಚರಿತ್ರೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ನನ್ನ ದೂರು ಇರುವುದು ಗಮನದ ಹಂಚಿಕೆಯ ಬಗ್ಗೆ. ಉತ್ಖನನದ ವರದಿಗಳಲ್ಲಿ ಒಂದು ರೋಮನ್ ಚೂರಿಗೆ ಚಿತ್ರ, ಅಳತೆ, ಚರ್ಚೆ ಎಲ್ಲ ಸಿಗುತ್ತವೆ. ಪದರದ ನೂರಕ್ಕೆ ತೊಂಬತ್ತೊಂಬತ್ತು ಪಾಲಾದ ಊರ ಮಡಕೆಗೆ ಒಂದು ಸಾಲು. ಕಪ್ಪು-ಕೆಂಪು ಮಡಕೆ ಸಾಮಾನ್ಯ ಸಾಧನೆಯೇನಲ್ಲ: ಒಂದೇ ಪಾತ್ರೆಯ ಒಳಮೈಯೂ ಬಾಯಂಚೂ ಕಪ್ಪಾಗಿ, ಹೊರಮೈ ಕೆಂಪಾಗಿ ಬರುವಂತೆ ಸುಡಲು ಆವಿಗೆಯ ಗಾಳಿಯ ಮೇಲೆ ಹಿಡಿತ ಬೇಕು. ಎಷ್ಟು ಆಮದು, ಎಷ್ಟು ಊರಿನದು ಎಂದು ಎರಡನ್ನೂ ತೂಗಿ ಬರೆದರೆ ಆಮದಿನ ಅರ್ಥವೂ ಸ್ಪಷ್ಟವಾಗುತ್ತದೆ. ಆಮದು ಬಂದಮೇಲೆ ಊರ ಕುಂಬಾರ ಅದರ ಆಕಾರ ಅನುಕರಿಸಿದನೆ, ಅಥವಾ ತನ್ನ ಹಾದಿಯಲ್ಲೇ ನಡೆದನೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ದೂರದ ಸಂತೆಯೊಂದು ಹೊರಗಿನ ಸರಕನ್ನು ಹೇಗೆ ಬರಮಾಡಿಕೊಂಡಿತು ಎಂಬ ಪ್ರಶ್ನೆಗೆ ಉತ್ತರ ಆಮದು ಚೂರಿನಲ್ಲಿಲ್ಲ, ಅದರ ಪಕ್ಕದ ಚೂರಿನಲ್ಲಿದೆ.

ಬ್ರಹ್ಮಗಿರಿಯ ರೂಲೆಟೆಡ್ ತಟ್ಟೆ ಕಾಲ ಹೇಳುವ ಕೆಲಸದಲ್ಲಿ ಸೋತಿದ್ದರೂ ಅದಕ್ಕೆ ಇನ್ನೊಂದು ಕೆಲಸ ಕಾದಿದೆ. ಅದು ರೋಮಿನಿಂದ ಬರಲಿಲ್ಲ, ಆದರೆ ಚಿತ್ರದುರ್ಗದ ಆವಿಗೆಯದೂ ಅಲ್ಲ. ಕರಾವಳಿಯಿಂದ ನೂರಾರು ಮೈಲಿ ಒಳಗಿನ ಈ ಬಯಲುಸೀಮೆಗೆ, ಒಡೆಯುವ ಸರಕನ್ನು ಎತ್ತು, ಬಂಡಿ, ತಲೆಹೊರೆಗಳ ಮೇಲೆ ಯಾರೋ ತಂದರು. ಕೃಷ್ಣಾ ತೀರದ ಶಾತವಾಹನ ಪಟ್ಟಣಗಳ ಕಡೆಯಿಂದಲೋ, ತಮಿಳು ಕರಾವಳಿಯಿಂದ ಘಟ್ಟ ಹತ್ತಿಯೋ? ಬೇರೆ ಬೇರೆ ನೆಲೆಗಳ ಚೂರುಗಳಿಂದ ಒಂದೊಂದು ಚಿಟಿಕೆ ಪುಡಿ ತೆಗೆದು, ಮಣ್ಣು ಒಂದೇ ತಂಡದ್ದೇ ಬೇರೆಯದೇ ಎಂದು ಹೋಲಿಸಿ, ಜೊತೆಗೆ ದಾರಿಯುದ್ದಕ್ಕೂ ಯಾವ ಊರಲ್ಲಿ ಎಷ್ಟು ಸಿಕ್ಕಿದೆಯೆಂದು ಎಣಿಸಿದರೆ ಈ ಪ್ರಶ್ನೆಗೆ ಉತ್ತರ ಕಟ್ಟಬಹುದು. ಅದಕ್ಕೆ ಹೊಸದಾಗಿ ಅಗೆಯುವ ಅಗತ್ಯವೂ ಇಲ್ಲ.